ಹುಳಿ ಹಣ್ಣು, ಹುಳಿತೇಗು ಮತ್ತು ನಿಮ್ಮ ರಕ್ತ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕೂ ಜಾಸ್ತಿ ನಿಂಬೆಹಣ್ಣಿನವೇ. ಬಿಸಿಲು ಶುರುವಾಗಿದೆ, ಅಲ್ವಾ? ಇಲ್ಲಿ ಮೈಸೂರಿನ ದೇವರಾಜ ಮಾರುಕಟ್ಟೆಯಲ್ಲಿ ನಿಂಬೆ ಬೆಲೆ ಏರಿದೆ. ವಾಟ್ಸಾಪ್‌ನಲ್ಲಿ ನಿಂಬೆ ಮೈಯ ಆಮ್ಲ ಇಳಿಸುತ್ತದೆ ಎಂಬ ಅದೇ ಹಳೇ ಸಂದೇಶ ಮತ್ತೆ ಸುತ್ತು ಹೊಡೆಯುತ್ತಿದೆ. ಮಂಡಿ ನೋವು, ಕೂದಲು ಉದುರುವುದರ ಬಗ್ಗೆ ಕೇಳಿದವರು ಬೇಜಾರು ಮಾಡಿಕೊಳ್ಳದೆ ಮುಂದಿನ ಸಂಚಿಕೆವರೆಗೆ ಕಾಯಬೇಕು.

ಹೊಸ ಓದುಗರಿಗೆ ಒಂದು ಮಾತು. ನಾನು ಡಾಕ್ಟರ್ ಅಲ್ಲ. ಮೆಡಿಕಲ್ ಕಾಲೇಜಿನ ಮಕ್ಕಳಿಗೆ 31 ವರ್ಷ ಜೀವರಸಾಯನ ಪಾಠ ಮಾಡಿ ನಿವೃತ್ತಳಾದವಳು. ಮೈಯೊಳಗೆ ಏನು ನಡೆಯುತ್ತದೆ ಅಂತ ಹೇಳಬಲ್ಲೆ. ಮಾತ್ರೆ ಬರೆದುಕೊಡಿ ಎಂದರೆ ಆಗುವುದಿಲ್ಲ.

ಪ್ರಶ್ನೆ: ನಿಂಬೆ ಬಾಯಿಗೆ ಹುಳಿ, ಒಳಗೆ ಹೋದ ಮೇಲೆ ಕ್ಷಾರವಾಗಿ ರಕ್ತದ ಆಮ್ಲ ಇಳಿಸುತ್ತದೆ ಅಂತ ನಮ್ಮ ವಾಕಿಂಗ್ ಗುಂಪಿನಲ್ಲಿ ಒಬ್ಬರು ಹೇಳ್ತಾರೆ. ಇನ್ನೊಬ್ಬರು, ಹುಳಿ ತಿಂದರೆ ರಕ್ತವೂ ಹುಳಿಯಾಗುತ್ತೆ, ಅದಕ್ಕೇ ಮುಟ್ಟಲ್ಲ ಅಂತಾರೆ. ದಿನಾ ಇದೇ ಜಗಳ. ಯಾರದು ಸರಿ? – ದಾವಣಗೆರೆಯ ಓದುಗರು

ಮೊದಲನೆಯವರಿಗೆ ಅರ್ಧ ಮಾರ್ಕು. ಎರಡನೆಯವರಿಗೆ ಸೊನ್ನೆ.

ನಿಂಬೆರಸ ಆಮ್ಲ ಅನ್ನುವುದರಲ್ಲಿ ತಕರಾರಿಲ್ಲ. ಮನೆಯಲ್ಲೇ ನೋಡಬಹುದು. ಆರತಿ ತಟ್ಟೆಯ ಕೆಂಪು ನೀರು ಹೇಗೆ ಮಾಡುತ್ತೀರಿ? ಅರಿಶಿನದ ನೀರಿಗೆ ಚಿಟಿಕೆ ಸುಣ್ಣ. ಸುಣ್ಣ ಕ್ಷಾರ, ಅದಕ್ಕೇ ಅರಿಶಿನ ಕೆಂಪಾಗುತ್ತದೆ. ಆ ನೀರಿಗೆ ನಿಂಬೆ ಹಿಂಡುತ್ತಾ ಹೋಗಿ, ಕೆಂಪು ಹೋಗಿ ಹಳದಿ ವಾಪಸ್ ಬರುತ್ತದೆ. ನಾನು ಮೊದಲ ವರ್ಷದ ಮಕ್ಕಳಿಗೆ ಪಿಎಚ್, ಅಂದರೆ ಆಮ್ಲ-ಕ್ಷಾರದ ಅಳತೆಯ ಪಾಠವನ್ನು ಇದರಿಂದಲೇ ಶುರು ಮಾಡುತ್ತಿದ್ದೆ. ಮದುವೆ ಮನೆ ನೆನಪಾಗಿ ಹುಡುಗರೆಲ್ಲ ನಗೋರು.

ಈ ಪಿಎಚ್ ಅಳತೆಯನ್ನು 1909ರಲ್ಲಿ ಹುಟ್ಟುಹಾಕಿದವರು ಡೆನ್ಮಾರ್ಕಿನ ಸೋರೆನ್‌ಸನ್. ಅವರು ಕೆಲಸ ಮಾಡುತ್ತಿದ್ದುದು ಕಾರ್ಲ್ಸ್‌ಬರ್ಗ್ ಬಿಯರ್‌ನವರ ಪ್ರಯೋಗಾಲಯದಲ್ಲಿ. 7 ಅಂದರೆ ನಡುಮಧ್ಯ, ಅದಕ್ಕಿಂತ ಕೆಳಗೆ ಆಮ್ಲ, ಮೇಲೆ ಕ್ಷಾರ. ಒಂದೊಂದು ಮೆಟ್ಟಿಲಿಗೂ ಹತ್ತು ಪಟ್ಟು ವ್ಯತ್ಯಾಸ. ನಿಂಬೆರಸ 2ರಿಂದ 2.5ರ ಆಸುಪಾಸು. ನಿಮ್ಮ ರಕ್ತ 7.35ರಿಂದ 7.45. ಅಂದರೆ ರಕ್ತ ಯಾವಾಗಲೂ ಚೂರು ಕ್ಷಾರದ ಕಡೆಗೇ ಇರುತ್ತದೆ, ಆ ಕಿರಿದಾದ ಓಣಿ ಬಿಟ್ಟು ಅಲ್ಲಾಡುವುದಿಲ್ಲ.

ಈಗ ಲೆಕ್ಕ ಹಾಕೋಣ. ನಮ್ಮ ಕಡೆಯ ಒಂದು ನಿಂಬೆಯಲ್ಲಿ ಹೆಚ್ಚೆಂದರೆ 20 ಮಿಲಿ ರಸ. ಅದರಲ್ಲಿ ಸಿಟ್ರಿಕ್ ಆಮ್ಲ ಒಂದು ಗ್ರಾಂನಷ್ಟು. ಈ ಸಿಟ್ರಿಕ್ ಆಮ್ಲ ಮೈಗೆ ಪರಕೀಯವೇನಲ್ಲ. ಅನ್ನ, ಬೆಣ್ಣೆ ಏನು ತಿಂದರೂ ಅದರಿಂದ ಶಕ್ತಿ ತೆಗೆಯುವ ದಾರಿಯಲ್ಲಿ ನಮ್ಮ ಜೀವಕೋಶಗಳು ತಾವೇ ಸಿಟ್ರಿಕ್ ಆಮ್ಲ ಮಾಡುತ್ತವೆ, ತಾವೇ ಒಡೆಯುತ್ತವೆ. 1937ರಲ್ಲಿ ಹ್ಯಾನ್ಸ್ ಕ್ರೆಬ್ಸ್ ವಿವರಿಸಿದ ಚಕ್ರ ಇದು, 1953ರಲ್ಲಿ ಅವರಿಗೆ ನೊಬೆಲ್ ಬಂತು. ನನ್ನ ವಿದ್ಯಾರ್ಥಿಗಳು ಬೈದುಕೊಂಡು ಬಾಯಿಪಾಠ ಮಾಡುತ್ತಿದ್ದುದೂ ಇದನ್ನೇ. ಅಂದರೆ ಜನ್ಮದಲ್ಲಿ ನಿಂಬೆ ಮುಟ್ಟದ ಮನುಷ್ಯನ ಮೈಯಲ್ಲೂ ಸಿಟ್ರಿಕ್ ಆಮ್ಲ ತಿರುಗುತ್ತಲೇ ಇರುತ್ತದೆ.

ನಿಂಬೆಯ ಆ ಒಂದು ಗ್ರಾಂ ಇದೇ ಚಕ್ರಕ್ಕೆ ಸೇರಿ ಉರಿದು ನೀರು ಮತ್ತು ಇಂಗಾಲದ ಡೈಆಕ್ಸೈಡ್ ಆಗುತ್ತದೆ. ಎಷ್ಟು? ಒಂದೂವರೆ ಗ್ರಾಂ ಒಳಗೆ. ನೀವು ಸುಮ್ಮನೆ ಕೂತಿದ್ದರೂ ದಿನಕ್ಕೆ ಮುಕ್ಕಾಲು ಕೆಜಿ ಆಸುಪಾಸು ಇಂಗಾಲದ ಡೈಆಕ್ಸೈಡ್ ಉಸಿರಾಡಿ ಹೊರಗೆ ಹಾಕುತ್ತೀರಿ. ತುಂಬಿದ ಕೆರೆಗೆ ಒಂದು ಚೊಂಬು ನೀರು ಹಾಕಿದ ಹಾಗಾಯಿತು. ಹೆದರುವ ಗೆಳೆಯರಿಗೆ ಇದನ್ನು ಹೇಳಿ.

ಹಾಗಾದರೆ ಕ್ಷಾರದ ಮಾತು ಎಲ್ಲಿಂದ ಬಂತು? ಬೂದಿಯಿಂದ. ಹಿಂದೆ ಆಹಾರದ ಗುಣ ತಿಳಿಯಲು ಅದನ್ನು ಸುಟ್ಟು ಬೂದಿ ಪರೀಕ್ಷೆ ಮಾಡುತ್ತಿದ್ದರು. ನಮ್ಮಜ್ಜಿ ಒಲೆಯ ಬೂದಿಯಲ್ಲಿ ಪಾತ್ರೆ ಬೆಳಗುತ್ತಿದ್ದರು. ಬೂದಿ ನೀರು ಕೈಗೆ ಜಾರುತ್ತದಲ್ಲ, ಅದೇ ಕ್ಷಾರ. ಹಣ್ಣು ತರಕಾರಿಯಲ್ಲಿ ಆಮ್ಲ ಪೂರ್ತಿ ಆಮ್ಲವಾಗಿಯೇ ಇರುವುದಿಲ್ಲ, ಒಂದಷ್ಟು ಪೊಟ್ಯಾಶಿಯಂ ಜೊತೆ ಸೇರಿ ಲವಣವಾಗಿರುತ್ತದೆ. ಆ ಲವಣ ಮೈಯೊಳಗೆ ಉರಿದರೆ ಬೈಕಾರ್ಬನೇಟ್ ಉಳಿಯುತ್ತದೆ, ಹೆಚ್ಚೂ ಕಡಿಮೆ ನಮ್ಮ ಅಡುಗೆ ಸೋಡಾದ ಹಾಗೆ. ನಿಮ್ಮ ಗೆಳೆಯರಿಗೆ ಅರ್ಧ ಮಾರ್ಕು ಕೊಟ್ಟದ್ದು ಇದಕ್ಕೆ.

ಉಳಿದರ್ಧ ಯಾಕೆ ಹೋಯಿತು ಎಂದರೆ, ನಿಂಬೆಯಲ್ಲಿ ಆಮ್ಲ ಜಾಸ್ತಿ, ಲವಣ ಕಡಿಮೆ. ಒಂದು ಹಣ್ಣಿನ ರಸದಲ್ಲಿ ಪೊಟ್ಯಾಶಿಯಂ 20–25 ಮಿಲಿಗ್ರಾಂ ಇದ್ದರೆ ದೊಡ್ಡದು. ಒಂದು ದೊಡ್ಡ ಪಚ್ಚಬಾಳೆಯಲ್ಲಿ 400 ಇರುತ್ತದೆ. ಕಿತ್ತಳೆಯಲ್ಲೂ ನಿಂಬೆಗಿಂತ ಹೆಚ್ಚಿದೆ. ಮತ್ತೆ, ಉಳಿದ ಆ ಚೂರು ಕ್ಷಾರವನ್ನು ರಕ್ತ ಇಟ್ಟುಕೊಳ್ಳುವುದಿಲ್ಲ. ಮೂತ್ರಪಿಂಡ ಅದನ್ನು ಮೂತ್ರಕ್ಕೆ ತಳ್ಳುತ್ತದೆ. ಬದಲಾದರೆ ಬದಲಾಗುವುದು ಮೂತ್ರದ ಪಿಎಚ್. ಅದು 4.5ರಿಂದ 8ರವರೆಗೆ ಆರಾಮಾಗಿ ಓಡಾಡಬಹುದು, ಅದರ ಕೆಲಸವೇ ಅದು.

ಊಟದಿಂದ ರಕ್ತದ ಪಿಎಚ್ ಬದಲಾಗುವ ಹಾಗಿದ್ದಿದ್ದರೆ ಪ್ರತಿ ಹಬ್ಬದ ಮಾರನೇ ದಿನ ಊರೆಲ್ಲ ಐಸಿಯುನಲ್ಲಿ ಇರಬೇಕಿತ್ತು. ರಕ್ತ ನಿಜವಾಗಿ 7.35ಕ್ಕಿಂತ ಕೆಳಗೆ ಇಳಿಯುವುದು ಸಕ್ಕರೆ ಕಾಯಿಲೆ ವಿಪರೀತಕ್ಕೆ ಹೋದಾಗ, ಮೂತ್ರಪಿಂಡ ಕೈಕೊಟ್ಟಾಗ, ಮೈಯೆಲ್ಲ ಸೋಂಕು ಹರಡಿದಾಗ. ಆಗ ಬೇಕಾಗಿರುವುದು ಆಂಬುಲೆನ್ಸ್, ನಿಂಬೆ ಅಲ್ಲ.

ಪ್ರಶ್ನೆ: ಆನ್‌ಲೈನ್‌ನಲ್ಲಿ ಪಿಎಚ್ ನೋಡುವ ಕಾಗದದ ಪಟ್ಟಿ ತರಿಸಿದ್ದೇನೆ. ಬೆಳಗ್ಗೆ ಮೂತ್ರ 5.5 ಇರುತ್ತೆ, ನಿಂಬೆನೀರು ಕುಡಿದು ತಿಂಡಿ ತಿಂದ ಮೇಲೆ 6.5 ಬರುತ್ತೆ. ಇದು ಸಾಕ್ಷಿ ಅಲ್ವಾ ಮೇಡಂ? – ಬೆಂಗಳೂರಿನ ಓದುಗರು

ನಾನೂ ಇದೇ ಹಳ್ಳಕ್ಕೆ ಬಿದ್ದವಳು. ನಿವೃತ್ತಿಯಾದ ಹೊಸದರಲ್ಲಿ ಕೈ ಸುಮ್ಮನಿರದೆ ಒಂದು ಡಬ್ಬಿ ಪಟ್ಟಿ ತಂದೆ. ಬೆಳಗ್ಗೆ 5.5. ನಿಂಬೆನೀರು, ಎರಡು ದೋಸೆ ಆದಮೇಲೆ 6.5. ಅರೆ, ವಾಟ್ಸಾಪ್‌ನವರು ಹೇಳಿದ್ದು ನಿಜವಾಯಿತಲ್ಲ ಅಂದುಕೊಂಡೆ. ಬಚ್ಚಲಿನ ಕಿಟಕಿ ಮೇಲೆ ಸಾಲಾಗಿ ಇಟ್ಟ ಪಟ್ಟಿಗಳನ್ನು ನೋಡಿ ನಮ್ಮ ಮನೆಯವರು ಏನೂ ಮಾತಾಡದೆ ವಾಪಸ್ ಹೋದರು.

ಮಾರನೇ ದಿನ ನಿಂಬೆ ಬಿಟ್ಟೆ, ದೋಸೆ ಮಾತ್ರ ತಿಂದೆ. ಮತ್ತೆ 6.5! ಆಗ ನೆನಪಾಯಿತು, ಇದನ್ನು ನಾನೇ ಎಷ್ಟೋ ವರ್ಷ ಬೋರ್ಡಿನ ಮೇಲೆ ಬರೆದು ಪಾಠ ಮಾಡಿದ್ದೇನೆ ಅಂತ. ಊಟ ಮಾಡಿದಾಗ ಹೊಟ್ಟೆ ಆಮ್ಲ ಸುರಿಸುತ್ತದೆ. ಹೊಟ್ಟೆಯ ಕಡೆಗೆ ಒಂದು ಕಣ ಆಮ್ಲ ಹೋದರೆ, ಲೆಕ್ಕ ಸರಿದೂಗಿಸಲು ರಕ್ತದ ಕಡೆಗೆ ಒಂದು ಕಣ ಬೈಕಾರ್ಬನೇಟ್ ಬರುತ್ತದೆ. ಅದು ಮೂತ್ರದಲ್ಲಿ ಹೋಗುತ್ತದೆ. ಊಟದ ನಂತರದ ಈ ಏರಿಕೆಗೆ ನಮ್ಮ ಪಠ್ಯದಲ್ಲಿ ‘ಕ್ಷಾರದ ಉಬ್ಬರ’ ಎಂದೇ ಹೆಸರಿದೆ. ನಿಮ್ಮ ಪಟ್ಟಿ ಸುಳ್ಳು ಹೇಳುತ್ತಿಲ್ಲ. ಆದರೆ ಅದು ಹೇಳುತ್ತಿರುವುದು ದೋಸೆಯ ಕಥೆ.

ಪ್ರಶ್ನೆ: ನನಗೆ ಆಸಿಡಿಟಿ. ಖಾಲಿ ಹೊಟ್ಟೆಗೆ ಬಿಸಿನೀರಿಗೆ ನಿಂಬೆ ಹಿಂಡಿ ಕುಡಿದರೆ ಹೋಗುತ್ತೆ ಅಂತ ಹೇಳಿದರು. ಎಂಟು ದಿನ ಕುಡಿದೆ, ಎದೆ ಉರಿ ಇನ್ನೂ ಜಾಸ್ತಿಯಾಯಿತು. ನಾನು ತಪ್ಪು ಮಾಡಿದೆನಾ? – ಹುಬ್ಬಳ್ಳಿಯ ಓದುಗರು

ನೀವಲ್ಲ, ಆ ಪದ ತಪ್ಪು ಮಾಡಿತು. ‘ಆಸಿಡಿಟಿ’ ಅನ್ನುವ ಒಂದೇ ಚೀಲಕ್ಕೆ ನಾವು ಎಲ್ಲವನ್ನೂ ತುಂಬಿದ್ದೇವೆ. ಎದೆ ಉರಿ, ಹುಳಿತೇಗು, ಹೊಟ್ಟೆ ಉಬ್ಬರ, ಪಿತ್ತ, ಗ್ಯಾಸ್ಟ್ರಿಕ್, ಎಲ್ಲವೂ ಆಸಿಡಿಟಿ. ಅದೇ ಪದವನ್ನು ರಕ್ತಕ್ಕೂ ಹಚ್ಚಿದ್ದೇವೆ. ನಿಂಬೆ ‘ಬಾಡಿ ಆಸಿಡಿಟಿ’ ಇಳಿಸುತ್ತದೆ ಎಂಬ ಸಂದೇಶ ನೋಡಿದವರು ಅದು ತಮ್ಮ ಎದೆ ಉರಿಗೆ ಅಂದುಕೊಂಡರೆ ಅವರ ತಪ್ಪೇನು?

ನಿಮ್ಮ ತೊಂದರೆ ರಕ್ತದಲ್ಲಿಲ್ಲ. ಹೊಟ್ಟೆಯಲ್ಲೂ ಪೂರ್ತಿ ಇಲ್ಲ. ಹೊಟ್ಟೆಯ ಆಮ್ಲ ಪಿಎಚ್ 1.5–2ರ ತನಕ ಇಳಿಯುತ್ತದೆ, ಅಂದರೆ ನಿಂಬೆಗಿಂತ ಗಟ್ಟಿ. ಅದನ್ನು ತಡೆದುಕೊಳ್ಳಲು ಹೊಟ್ಟೆಯ ಒಳಗೋಡೆಗೆ ಲೋಳೆಯ ಹೊದಿಕೆ ಇದೆ. ಮೇಲಿನ ಅನ್ನನಾಳಕ್ಕೆ ಅಂಥ ಹೊದಿಕೆ ಇಲ್ಲ. ಎರಡರ ನಡುವಿನ ಬಾಗಿಲು ಸಡಿಲವಾಗಿ ಆಮ್ಲ ಮೇಲೆ ಬಂದರೆ ಉರಿ. ಹಾಗೆ ಬಂದು ಬಂದು ಕೆಂಪಾದ ಅನ್ನನಾಳದ ಮೇಲೆ ನಿಂಬೆನೀರು ಇಳಿದರೆ ಗಾಯದ ಮೇಲೆ ಹುಳಿ ಹಿಂಡಿದ ಹಾಗೆಯೇ. ಹೊಟ್ಟೆಗೆ ಅದು ಲೆಕ್ಕಕ್ಕಿಲ್ಲ, ದಾರಿಯಲ್ಲಿ ಸುಡುತ್ತದೆ. ಬಿಟ್ಟುಬಿಡಿ.

ರಾತ್ರಿ ಊಟಕ್ಕೂ ಮಲಗುವುದಕ್ಕೂ ಮೂರು ಗಂಟೆ ಅಂತರ ಇಡಿ. ಮಂಚದ ತಲೆಯ ಕಡೆ ಕಾಲಿಗೆ ಎರಡು ಇಟ್ಟಿಗೆ ಕೊಡಿ. ದಿಂಬು ಪೇರಿಸಿದರೆ ಕುತ್ತಿಗೆ ನೋಯುತ್ತದೆ ಅಷ್ಟೆ. ಖಾಲಿ ಹೊಟ್ಟೆಯ ಸ್ಟ್ರಾಂಗ್ ಕಾಫಿ, ಸಿಗರೇಟು, ನೋವಿನ ಮಾತ್ರೆ ಇದ್ದರೆ ಅವನ್ನೂ ನೋಡಿಕೊಳ್ಳಿ. ನುಂಗಲು ಕಷ್ಟ, ಸುಮ್ಮಸುಮ್ಮನೆ ತೂಕ ಇಳಿಯುವುದು, ಮಲ ಕಪ್ಪಗಾಗುವುದು, ಇವು ಕಂಡರೆ ಡಾಕ್ಟರ ಹತ್ತಿರ ಹೋಗಿ. ಎದೆ ಉರಿಯ ಜೊತೆ ಬೆವರು, ಎಡಗೈ ಅಥವಾ ದವಡೆ ನೋವು ಬಂದರೆ ಅದನ್ನು ಗ್ಯಾಸ್ ಅಂತ ಕರೆಯುತ್ತಾ ಕೂರಬೇಡಿ. ನೇರ ಆಸ್ಪತ್ರೆಗೆ.

ಪ್ರಶ್ನೆ: ನಿಂಬೆರಸಕ್ಕೆ ಅಡುಗೆ ಸೋಡಾ ಹಾಕಿ ನೊರೆ ಬಂದಾಗ ಕುಡಿದರೆ ಹೊಟ್ಟೆ ಹಗುರವಾಗುತ್ತದೆ. ದಿನಾ ಕುಡಿಯಬಹುದಾ? – ಶಿವಮೊಗ್ಗದ ಓದುಗರು

ಹಗುರವಾಗುವುದು ನಿಜ. ಆಮ್ಲ, ಸೋಡಾ ಎರಡೂ ಕೂಡಿ ಇಂಗಾಲದ ಡೈಆಕ್ಸೈಡ್ ಎದ್ದು ತೇಗು ಬರುತ್ತದೆ. ಅಂಗಡಿಯ ಈನೋ ಪೊಟ್ಟಣದ ಹಿಂದೆ ಓದಿ ನೋಡಿ, ಸ್ವರ್ಜಿಕ್ಷಾರ, ನಿಂಬುಕಾಮ್ಲಂ ಎಂದಿರುತ್ತದೆ. ಸೋಡಾ ಮತ್ತು ಸಿಟ್ರಿಕ್ ಆಮ್ಲ, ಅಷ್ಟೇ! ಆದರೆ ಇಲ್ಲಿ ಆಮ್ಲವನ್ನು ಕೊಲ್ಲುವುದು ಸೋಡಾ. ನಿಂಬೆ ಬರೀ ನೊರೆಗೆ.

ದಿನಾ ಬೇಡ. ಒಂದು ಟೀ ಚಮಚ ಅಡುಗೆ ಸೋಡಾದಲ್ಲಿ ಸುಮಾರು 1,200 ಮಿಲಿಗ್ರಾಂ ಸೋಡಿಯಂ ಇದೆ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಇಡೀ ದಿನಕ್ಕೆ ಹೇಳುವುದು 2,000ಕ್ಕಿಂತ ಕಡಿಮೆ. ಬಿಪಿ ಇದ್ದವರಂತೂ ಮುಟ್ಟಬೇಡಿ.

ಪ್ರಶ್ನೆ: ನಮ್ಮದು ಲಿಂಬಿ ತೋಟ. ಪ್ಯಾಟಿಯವರು ‘ನಿಮ್ಮ ಹಣ್ಣು ಭಾಳ ಹುಳಿ, ಆಸಿಡ್ ಜಾಸ್ತಿ, ಫಾರಿನ್ ಲೆಮನ್ ಒಳ್ಳೇದು’ ಅಂತಾರ. ಖರೇ ಏನ್ರಿ? – ಇಂಡಿ ತಾಲೂಕಿನ ಓದುಗರು

ಅವರ ಮಾತಿಗೆ ತಲೆ ಕೆಡಿಸಿಕೊಳ್ಳಬೇಡಿ. ನಮ್ಮ ನಿಂಬೆಯೂ ವಿದೇಶದ ದೊಡ್ಡ ಹಳದಿ ಲೆಮನ್ನೂ ಬೇರೆ ಬೇರೆ ಜಾತಿ. ನಮ್ಮದನ್ನು ಇಂಗ್ಲಿಷಿನವರು ಲೈಮ್ ಅನ್ನುತ್ತಾರೆ. ಆಮ್ಲ ಎರಡರಲ್ಲೂ ಹೆಚ್ಚೂ ಕಡಿಮೆ ಒಂದೇ. ಸಿ ಜೀವಸತ್ವ ಮಾತ್ರ ಲೆಮನ್‌ನಲ್ಲಿ ಸ್ವಲ್ಪ ಜಾಸ್ತಿ. ಸಿ ಜೀವಸತ್ವವೇ ಬೇಕು ಅನ್ನುವವರು ಎರಡನ್ನೂ ಬಿಟ್ಟು ಸೀಬೆಹಣ್ಣು, ಬೆಟ್ಟದ ನೆಲ್ಲಿ ತಿನ್ನಲಿ. ಹುಳಿಗೂ ಸುವಾಸನೆಗೂ ನನ್ನ ಓಟು ನಿಮ್ಮ ಲಿಂಬಿಗೇ. ಸುಮ್ಮನೆ ಜಿಐ ಗುರುತು (ಒಂದು ಊರಿನ ವಿಶೇಷ ಬೆಳೆಗೆ ಕೊಡುವ ಗುರುತು) ಸಿಕ್ಕಿದೆಯೇ ಅದಕ್ಕೆ!

ಪ್ರಶ್ನೆ: ಆಮ್ಲ ಇರುವ ಮೈಯಲ್ಲಿ ಮಾತ್ರ ಕ್ಯಾನ್ಸರ್ ಬೆಳೆಯುತ್ತದೆ, ಇದನ್ನು ಕಂಡುಹಿಡಿದ ಜರ್ಮನ್ ವಿಜ್ಞಾನಿಗೆ 1931ರಲ್ಲಿ ನೊಬೆಲ್ ಬಂತು, ಹಾಗಾಗಿ ನಿಂಬೆ ಕುಡಿಯಿರಿ ಎಂಬ ಸಂದೇಶ ಬಂದಿದೆ. ನಮ್ಮ ತಾಯಿಗೆ ಚಿಕಿತ್ಸೆ ನಡೆಯುತ್ತಿದೆ. – ಮಂಗಳೂರಿನ ಓದುಗರು

ಚಿಕಿತ್ಸೆ ಒಂದು ದಿನವೂ ನಿಲ್ಲಿಸಬೇಡಿ. ಇದನ್ನು ಮೊದಲು ಹೇಳಿಬಿಡುತ್ತೇನೆ.

ಆ ವಿಜ್ಞಾನಿ ಒಟ್ಟೊ ವಾರ್ಬರ್ಗ್. 1931ರ ನೊಬೆಲ್ ಬಂದದ್ದೂ ನಿಜ. ಆದರೆ ಬಂದದ್ದು ಜೀವಕೋಶಗಳು ಆಮ್ಲಜನಕ ಬಳಸಲು ಬೇಕಾದ ಕಿಣ್ವದ ಕೆಲಸ ಕಂಡುಹಿಡಿದದ್ದಕ್ಕೆ. ನಿಂಬೆಗೂ ಅದಕ್ಕೂ ಸಂಬಂಧ ಇಲ್ಲ. ಕ್ಯಾನ್ಸರ್ ಕೋಶಗಳು ಗ್ಲೂಕೋಸನ್ನು ಗಬಗಬ ತಿಂದು ಲ್ಯಾಕ್ಟಿಕ್ ಆಮ್ಲ ಉಗುಳುತ್ತವೆ ಎಂಬುದನ್ನೂ ಅವರು ನೋಡಿದ್ದರು. ಗೆಡ್ಡೆಯ ಸುತ್ತಮುತ್ತ ಆಮ್ಲ ಇರುವುದು ಅದಕ್ಕೇ. ಅಂದರೆ ಗೆಡ್ಡೆಯಿಂದ ಆಮ್ಲ, ಆಮ್ಲದಿಂದ ಗೆಡ್ಡೆ ಅಲ್ಲ. ಸಂದೇಶ ಬರೆದವರು ಗಾಡಿಯನ್ನು ಎತ್ತಿನ ಮುಂದೆ ಕಟ್ಟಿದ್ದಾರೆ. ರಕ್ತದ ಪಿಎಚ್ಚನ್ನೇ ಅಲ್ಲಾಡಿಸಲಾಗದ ನಿಂಬೆ ಗೆಡ್ಡೆಯೊಳಗೆ ಹೋಗಿ ಏನೂ ಮಾಡುವುದಿಲ್ಲ.

ತಾಯಿಯವರಿಗೆ ಬಾಯಿ ರುಚಿಗೆ ನಿಂಬೆ ಶರಬತ್ತು ಬೇಕೆನಿಸಿದರೆ, ಬಾಯಿ ಹುಣ್ಣು ಇಲ್ಲದಿದ್ದರೆ, ಕೊಡಿ. ರುಚಿಗಾಗಿ ಕೊಡಿ.

ಪ್ರಶ್ನೆ: ಮೂತ್ರಪಿಂಡದಲ್ಲಿ ಕಲ್ಲು ಬಂದು ಹೋಗಿದೆ. ನಿಂಬೆ ಕಲ್ಲು ಕರಗಿಸುತ್ತದಂತೆ? – ರಾಯಚೂರಿನ ಓದುಗರು

ಕೊನೆಗೂ ನಿಂಬೆಯ ಪರವಾಗಿ ಮಾತಾಡುವ ಅವಕಾಶ ಸಿಕ್ಕಿತು. ಕರಗಿಸುತ್ತದೆ ಅನ್ನುವುದು ದೊಡ್ಡ ಮಾತು, ಹೊಸ ಕಲ್ಲು ಕಟ್ಟದಂತೆ ತಡೆಯಲು ನೆರವಾಗುತ್ತದೆ. ಹೆಚ್ಚಿನವರಲ್ಲಿ ಕಲ್ಲು ಅಂದರೆ ಕ್ಯಾಲ್ಸಿಯಂ ಮತ್ತು ಆಕ್ಸಲೇಟ್ ಸೇರಿ ಆದ ಹರಳು. ಮೂತ್ರದಲ್ಲಿ ಸಿಟ್ರೇಟ್, ಅಂದರೆ ಸಿಟ್ರಿಕ್ ಆಮ್ಲದ ಲವಣ ರೂಪ, ಇದ್ದರೆ ಅದು ಕ್ಯಾಲ್ಸಿಯಂ ಕೈ ಹಿಡಿದು ತನ್ನ ಜೊತೆ ಕರೆದುಕೊಂಡು ಹೋಗುತ್ತದೆ, ಹರಳಿಗೆ ಬಿಡುವುದಿಲ್ಲ. ಯೂರಿಕ್ ಆಮ್ಲದ ಕಲ್ಲು ಬೇರೆ. ಅದು ಆಮ್ಲ ಜಾಸ್ತಿ ಇರುವ ಮೂತ್ರದಲ್ಲಿ ಕಟ್ಟುತ್ತದೆ, ಮೂತ್ರ ಕ್ಷಾರದ ಕಡೆ ತಿರುಗಿದರೆ ನಿಜವಾಗಿಯೂ ಕರಗುತ್ತದೆ. ಆದರೆ ಅಷ್ಟು ತಿರುಗಿಸಲು ನಿಂಬೆಯಿಂದ ಆಗುವುದಿಲ್ಲ. ಡಾಕ್ಟರು ಬರೆದುಕೊಡುವ ಪೊಟ್ಯಾಶಿಯಂ ಸಿಟ್ರೇಟ್ ಸಿರಪ್ಪು ಅದಕ್ಕೇ ಇರುವುದು.

ಪ್ರಮಾಣವೂ ಮುಖ್ಯ. ಒಂದು ಲೋಟಕ್ಕೆ ಅರ್ಧ ಹೋಳು ಹಿಂಡಿದರೆ ಸಾಲದು. ಕಲ್ಲು ತಡೆಯಲು ಸಾಮಾನ್ಯವಾಗಿ ಹೇಳುವುದು ದಿನಕ್ಕೆ 120 ಮಿಲಿ ರಸ, ಎರಡು ಲೀಟರ್ ನೀರಿನಲ್ಲಿ. ಅಂದರೆ ಆರೇಳು ಹಣ್ಣು. ರಾಯಚೂರಿನ ಬಿಸಿಲಲ್ಲಿ ಆ ಎರಡು ಲೀಟರ್ ನೀರೇ ಅರ್ಧ ಔಷಧ. ಆದರೆ ನೀವು ಉಪ್ಪು ಹಾಕಿದ ನಿಂಬೆ ಸೋಡಾ ಕುಡಿದು ಕಲ್ಲಿಗೆ ಔಷಧ ಅಂದುಕೊಂಡಿದ್ದರೆ ನಿಲ್ಲಿಸಿ. ಉಪ್ಪು ಜಾಸ್ತಿಯಾದರೆ ಮೂತ್ರದಲ್ಲಿ ಕ್ಯಾಲ್ಸಿಯಂ ಜಾಸ್ತಿಯಾಗುತ್ತದೆ. ಮೂತ್ರಪಿಂಡದ ಶಕ್ತಿಯೇ ಕುಗ್ಗಿದ್ದರೆ ನೀರಿನ ಅಳತೆ, ಪೊಟ್ಯಾಶಿಯಂ ಅಳತೆ ಎರಡನ್ನೂ ಡಾಕ್ಟರನ್ನು ಕೇಳಿಯೇ ಮಾಡಿ.

ಪ್ರಶ್ನೆ: ನಿಂಬೆನೀರಿನಿಂದ ತೊಂದರೆಯೇ ಇಲ್ಲವಾ ಹಾಗಾದರೆ? – ಹಾಸನದ ಓದುಗರು

ಇದೆ. ಹಲ್ಲಿಗೆ. ನನ್ನ ಬಾಯಲ್ಲೇ ಪುರಾವೆ ಇದೆ.

ಎರಡು ವರ್ಷ ದಿನಾ ಬೆಳಗ್ಗೆ ನಿಂಬೆ, ಜೇನು, ಬಿಸಿನೀರು ಕುಡಿದೆ. ತೂಕ ಇಳಿಯುತ್ತದೆ ಅಂತ ಪಕ್ಕದ ಮನೆಯವರು ಹೇಳಿದ್ದರು. ಪೇಪರ್ ಓದುತ್ತಾ, ಗುಟುಕು ಗುಟುಕಾಗಿ, ಅರ್ಧ ಗಂಟೆ. ಮುಗಿದ ತಕ್ಷಣ ಬ್ರಷ್. ತೂಕ ಇಳಿಯಲಿಲ್ಲ. ಒಂದು ದಿನ ಐಸ್‌ಕ್ರೀಮ್ ಕಚ್ಚಿದಾಗ ಮುಂದಿನ ಹಲ್ಲು ಜುಂ ಅಂತು. ಹಲ್ಲಿನ ಡಾಕ್ಟರು ಕನ್ನಡಿ ಹಿಡಿದು ತೋರಿಸಿದರು. ಮೇಲಿನ ಎರಡು ಹಲ್ಲಿನ ಅಂಚು ಗಾಜಿನ ಹಾಗೆ ತೆಳ್ಳಗಾಗಿತ್ತು. ‘ಏನು ಪಾಠ ಮಾಡ್ತಿದ್ರಿ ನೀವು?’ ಅಂತ ಕೇಳಿದರು. ನಾನು ಬಾಯಿ ತೆರೆದುಕೊಂಡೇ ಇದ್ದದ್ದರಿಂದ ಉತ್ತರ ಹೇಳಬೇಕಾಗಿ ಬರಲಿಲ್ಲ.

ಪಿಎಚ್ 5.5ಕ್ಕಿಂತ ಕೆಳಗೆ ಹೋದರೆ ಹಲ್ಲಿನ ಮೇಲಿನ ಗಟ್ಟಿ ಪದರ, ಎನಾಮಲ್, ಕರಗಲು ಶುರು. ರಕ್ತಕ್ಕೆ ಕಾವಲುಗಾರರು ಬೇಕಾದಷ್ಟಿದ್ದಾರೆ, ಬೈಕಾರ್ಬನೇಟ್, ಶ್ವಾಸಕೋಶ, ಮೂತ್ರಪಿಂಡ. ಹಲ್ಲಿಗಿರುವುದು ಎಂಜಲು ಒಂದೇ. ಅದು ಆಮ್ಲವನ್ನು ತೊಳೆಯಲು ಹೊತ್ತು ಬೇಕು. ನಾನು ಗುಟುಕು ಗುಟುಕಾಗಿ ಕುಡಿದು ಆ ಹೊತ್ತು ಕೊಡಲೇ ಇಲ್ಲ, ಮೇಲಿಂದ ಮೆತ್ತಗಾದ ಎನಾಮಲನ್ನು ಬ್ರಷ್‌ನಲ್ಲಿ ಉಜ್ಜಿ ತೆಗೆದೆ. ಹೋದ ಎನಾಮಲ್ ಮತ್ತೆ ಬೆಳೆಯುವುದಿಲ್ಲ.

ಕುಡಿಯುವುದಾದರೆ ಒಂದೇ ಸಲ ಕುಡಿದುಬಿಡಿ. ಆಮೇಲೆ ಬರೀ ನೀರಲ್ಲಿ ಬಾಯಿ ಮುಕ್ಕಳಿಸಿ. ಬ್ರಷ್ ಅದಕ್ಕೆ ಮೊದಲೇ ಆಗಲಿ, ಇಲ್ಲದಿದ್ದರೆ ಅರ್ಧ ಗಂಟೆ ತಡೆಯಿರಿ.

ಪ್ರಶ್ನೆ: ಮಗಳಿಗೆ ರಕ್ತ ಕಡಿಮೆ ಇದೆ ಅಂದಿದ್ದಾರೆ. ಮಾತ್ರೆ ಕೊಡುತ್ತಿದ್ದೇವೆ. ಹುಳಿ ತಿಂದರೆ ರಕ್ತ ಒಡೆಯುತ್ತೆ ಅಂತ ಅತ್ತೆ ನಿಂಬೆ ಕೊಡಲು ಬಿಡುತ್ತಿಲ್ಲ. – ಚಾಮರಾಜನಗರದ ಓದುಗರು

ಅತ್ತೆಯವರಿಗೆ ಈ ಪುಟ ತೋರಿಸಿ. ಹುಳಿಯಿಂದ ರಕ್ತ ಒಡೆಯುವುದಿಲ್ಲ, ಈ ವಿಷಯದಲ್ಲಿ ಹುಳಿಯೇ ನೆಂಟ. ಸೊಪ್ಪು, ಕಾಳು, ರಾಗಿಯಲ್ಲಿರುವ ಕಬ್ಬಿಣ ನಮ್ಮ ಕರುಳಿಗೆ ಸುಲಭವಾಗಿ ದಕ್ಕುವುದಿಲ್ಲ. ನಿಂಬೆಯ ಸಿ ಜೀವಸತ್ವ ಮತ್ತು ಆಮ್ಲ ಆ ಕಬ್ಬಿಣವನ್ನು ಕರುಳು ಹೀರುವ ರೂಪಕ್ಕೆ ತರುತ್ತವೆ. ಆದರೆ ನಿಂಬೆ ಅದೇ ಊಟದಲ್ಲೇ ಇರಬೇಕು, ಬೆಳಗ್ಗೆ ನಿಂಬೆ, ರಾತ್ರಿ ಸೊಪ್ಪು ಅಂದರೆ ಆಗಲಿಲ್ಲ.

ಮಾತ್ರೆ ಡಾಕ್ಟರು ಹೇಳುವವರೆಗೆ ಬಿಡಬೇಡಿ. ಹೆಸರುಕಾಳಿನ ಉಸಲಿಗೆ, ಸೊಪ್ಪಿನ ಪಲ್ಯಕ್ಕೆ ಅರ್ಧ ಹೋಳು ಹಿಂಡಿ. ಚಿತ್ರಾನ್ನವಾದರೆ ಒಗ್ಗರಣೆಯಲ್ಲಿ ರಸ ಕುದಿಸಬೇಡಿ, ಬಿಸಿಗೆ ಸಿ ಜೀವಸತ್ವ ಹಾಳಾಗುತ್ತದೆ. ಒಲೆ ಆರಿಸಿ, ಅನ್ನ ಕಲಸಿ, ಸ್ವಲ್ಪ ಆರಿದ ಮೇಲೆ ಹಿಂಡಿ. ಅದರ ಹಿಂದೆಯೇ ಕಾಫಿ, ಟೀ ಕೊಡಬೇಡಿ, ಒಂದು ಗಂಟೆಯಾದರೂ ಹೋಗಲಿ. ಚಾಮರಾಜನಗರದಲ್ಲಿ ಸಂಜೆ ಟೀ ತಪ್ಪಿಸುವುದು ಕಷ್ಟ ಅಂತ ಗೊತ್ತು, ನನ್ನ ತವರೂ ಅಲ್ಲೇ.